ಹಳೇ ಆಟಕ್ಕೆ ಹೊಸ ವೇಷ

ನಾಸಿಕದ ದ್ವಾರಕಾ ವೃತ್ತದ ಹತ್ತಿರ ಹೋಟೆಲು ನಡೆಸುವ ಹರಿದಾಸರಿಗೆ ಎರಡು ಹೆಮ್ಮೆಗಳಿದ್ದವು. ಊರಿಗೆ ಊರೇ ಮಿಸಳ್ ತಿನ್ನುವ ನಾಸಿಕದಲ್ಲಿ ಮಿಸಳ್ ಮಾಡದೆಯೇ ಹೋಟೆಲು ನಡೆಸಿ ಬದುಕಿದ್ದೇನೆ ಎಂಬುದು ಒಂದು. ತಾನೊಬ್ಬ ಯಕ್ಷಗಾನದ ವೇಷಧಾರಿ ಎಂಬುದು ಇನ್ನೊಂದು. ಮೊದಲನೆಯದು ಪೂರ್ತಿ ಸತ್ಯ.

ಎರಡನೆಯದಕ್ಕೆ ಸ್ವಲ್ಪ ವಿವರಣೆ ಬೇಕು. ಹುಡುಗನಾಗಿದ್ದಾಗ ಹರಿದಾಸರು ಕುಂದಾಪುರದ ಕಡೆಯ ಒಂದು ಮೇಳದ ಜೊತೆ ಒಂದು ತಿರುಗಾಟ ಮಾಡಿದ್ದು ನಿಜ. ಆದರೆ ಅಲ್ಲಿ ಅವರ ಕೆಲಸ ತೆರೆ ಹಿಡಿಯುವುದಾಗಿತ್ತು. ರಾಜವೇಷ ರಂಗಕ್ಕೆ ಬರುವ ಮುನ್ನ ಇಬ್ಬರು ಒಂದು ಬಟ್ಟೆಯನ್ನು ಅಡ್ಡ ಹಿಡಿದು ನಿಲ್ಲುತ್ತಾರಲ್ಲ, ಆ ಬಟ್ಟೆಯ ಎಡಗಡೆಯ ತುದಿ ಹರಿದಾಸರದು. ಬರುವ ವರ್ಷ ಬಾಲಗೋಪಾಲನ ವೇಷ ಕೊಡುತ್ತೇವೆ ಎಂದು ಮೇಳದವರು ಹೇಳಿದ್ದರು. ಬರುವ ವರ್ಷ ಬರುವುದಕ್ಕೆ ಮುಂಚೆಯೇ ಸೋದರಮಾವ ಅವರನ್ನು ನಾಸಿಕಕ್ಕೆ ಕರೆಸಿಕೊಂಡು ಕಪ್ಪು ಬಸಿ ತೊಳೆಯಲು ನಿಲ್ಲಿಸಿದರು. ಬಾಲಗೋಪಾಲ ಅಲ್ಲಿಗೆ ಮುಗಿದ.

ಆದರೆ ಕಥೆ ಮುಗಿಯಲಿಲ್ಲ. ಕಪ್ಪು ತೊಳೆಯುವಾಗ ಹರಿದಾಸರು ‘ಮೇಳದಲ್ಲಿದ್ದೆ’ ಎನ್ನುತ್ತಿದ್ದರು. ಸಪ್ಲೈಯರ್ ಆದ ಮೇಲೆ ‘ಸಣ್ಣಪುಟ್ಟ ವೇಷ ಮಾಡ್ತಿದ್ದೆ’ ಎಂದರು. ಗಲ್ಲಾದಲ್ಲಿ ಕೂರಲು ಸಿಕ್ಕಿದಾಗ ಅರ್ಜುನನಾದರು. ಮಾವನ ನಂತರ ಹೋಟೆಲು ತಮ್ಮದಾಗಿ ಅದಕ್ಕೆ ಹವಾನಿಯಂತ್ರಿತ ಕೋಣೆಯೂ ಸೇರಿದ ವರ್ಷ ಹರಿದಾಸರು ಕರ್ಣನಾದರು. ಅಲ್ಲಿಂದ ಮುಂದೆ ಅವರಿಗೆ ಬಡ್ತಿ ಬೇಕಾಗಲಿಲ್ಲ.

ಹೆಂಡತಿ ಸುಗುಣಾ ಅದೇ ಸೀಮೆಯವರು. ಆ ಮೇಳವನ್ನೂ, ಅದರಲ್ಲಿ ಯಾರು ಕರ್ಣ, ಯಾರು ತೆರೆ ಎಂಬುದನ್ನೂ ಬಲ್ಲವರು. ಆದರೂ ಯಾರೆದುರೂ ಒಂದು ಮಾತು ಆಡಿದವರಲ್ಲ. ಗಿರಾಕಿಗಳ ಮುಂದೆ ಕರ್ಣನ ಕಥೆ ತೀರಾ ಉದ್ದವಾದಾಗ ಮಾತ್ರ ಒಳಗಿನಿಂದ ಬಂದು, ಹಿಟ್ಟು ಹುಳಿ ಬರ್ತಾ ಇದೆ ಎಂದು ಹೇಳಿ ಹೋಗುತ್ತಿದ್ದರು.

ಹರಿದಾಸರ ಮನಸ್ಸಿನ ಮೂಲೆಯಲ್ಲಿ ಒಂದು ಆಸೆ ಇತ್ತು. ಮಗಳು ಅಕ್ಷಿತಾ ತನ್ನನ್ನು ಒಮ್ಮೆ ವೇಷದಲ್ಲಿ ನೋಡಬೇಕು. ಹುಟ್ಟಿದಾಗಿನಿಂದ ಅವಳು ನೋಡಿದ್ದು ಗಲ್ಲಾದ ಹಿಂದೆ ಕೂತು ಚಿಲ್ಲರೆ ಎಣಿಸುವ, ಮಾಣಿಗಳ ಮೇಲೆ ರೇಗುವ, ಮಧ್ಯಾಹ್ನ ಬಾಯಿ ತೆರೆದು ನಿದ್ದೆ ಮಾಡುವ ಮನುಷ್ಯನನ್ನು. ಅಪ್ಪನೊಳಗೆ ಇನ್ನೊಬ್ಬನಿದ್ದ ಎಂಬುದು ಅವಳಿಗೆ ಗೊತ್ತೇ ಇಲ್ಲವಲ್ಲ ಎಂದು ಅವರಿಗೆ ಸಂಕಟವಾಗುತ್ತಿತ್ತು. ಕರ್ಣನ ಕಥೆಯನ್ನು ಅವಳಿಗೂ ಹೇಳಿದ್ದರು. ಅವಳು ‘ಹೌದಾ ಪಪ್ಪ’ ಎಂದು ಮೊಬೈಲು ನೋಡುತ್ತ ಕೇಳಿದ್ದಳು.

ಅಕ್ಷಿತಾ ಚಿತ್ರಕಲೆ ಓದಿ ಛತ್ರಪತಿ ಸಂಭಾಜಿನಗರದಲ್ಲಿ ಕೆಲಸಕ್ಕೆ ಸೇರಿದ್ದಳು. ಶೇಂದ್ರಾ ಕೈಗಾರಿಕಾ ಪ್ರದೇಶಕ್ಕೆ ಹೋಗುವ ದಾರಿಯಲ್ಲಿ, ಒಂದು ಕಟ್ಟಡದ ಎರಡನೇ ಮಹಡಿಯಲ್ಲಿ, ಹತ್ತು ಹನ್ನೆರಡು ಹುಡುಗ ಹುಡುಗಿಯರು ಸೇರಿ ಕಂಪ್ಯೂಟರಿನಲ್ಲಿ ಆಡುವ ಗೇಮುಗಳನ್ನು ತಯಾರಿಸುವ ಸಣ್ಣ ಕಂಪನಿ. ಹರಿದಾಸರ ಮಟ್ಟಿಗೆ ಅದು ‘ಕಂಪ್ಯೂಟರ್ ಕೆಲಸ’. ಅದಕ್ಕಿಂತ ಹೆಚ್ಚು ಅವರು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ. ವಾರಕ್ಕೊಮ್ಮೆ ಬರುವ ಫೋನು ತಾಯಿಗೆ. ಹರಿದಾಸರ ಪಾಲಿಗೆ ಕೊನೆಯಲ್ಲಿ ‘ಪಪ್ಪ ಊಟ ಆಯ್ತಾ’ ಬರುತ್ತಿತ್ತು.

ಅದಕ್ಕೂ ಒಂದು ಕಾರಣವಿತ್ತು. ಹರಿದಾಸರು ಮನೆಯಲ್ಲಿ ಒಂದು ಕಾನೂನು ಮಾಡಿದ್ದರು: ಮಗಳು ಅಪ್ಪನ ಜೊತೆ ಮಾತಾಡುವಾಗ ಇಂಗ್ಲಿಷೂ ಮರಾಠಿಯೂ ಬೆರೆಸಕೂಡದು. ನಾಸಿಕದಲ್ಲೇ ಹುಟ್ಟಿ ಬೆಳೆದ ಅಕ್ಷಿತಾಳಿಗೆ ಕನ್ನಡ ಕೇಳಿದರೆ ಪೂರ್ತಿ ಅರ್ಥವಾಗುತ್ತಿತ್ತು, ಆಡಹೊರಟರೆ ಪ್ರತಿ ಶಬ್ದಕ್ಕೂ ತಡಕಾಡಬೇಕಾಗುತ್ತಿತ್ತು. ಹಾಗಾಗಿ ಅಪ್ಪನೊಡನೆ ಅವಳ ಮಾತು ‘ಊಟ ಆಯ್ತಾ’ದಿಂದ ಮುಂದೆ ಹೋಗುವುದು ಅಪರೂಪ.

ಅಂಥವಳು ಒಂದು ದಿನ ತಾಯಿಯನ್ನು ಬಿಟ್ಟು ನೇರ ಅಪ್ಪನಿಗೇ ಫೋನು ಮಾಡಿದಳು. ಹೇಳಬೇಕಾದದ್ದನ್ನು ಮೊದಲೇ ಕನ್ನಡಕ್ಕೆ ತಿರುಗಿಸಿ ಇಟ್ಟುಕೊಂಡಿದ್ದಳೆಂದು ಕಾಣುತ್ತದೆ, ಪಾಠ ಒಪ್ಪಿಸಿದ ಹಾಗೆ ಹೇಳಿದಳು.

“ಪಪ್ಪ, ನಾವು ಒಂದು ಹಳೇ ಆಟವನ್ನು ಹೊಸದಾಗಿ ಮಾಡ್ತಾ ಇದ್ದೇವೆ. ತುಂಬ ದೊಡ್ಡ ಆಟ. ಪಾತ್ರಗಳ ಆಟ.”

ಹರಿದಾಸರು ಗಲ್ಲಾದಿಂದ ಎದ್ದು ನಿಂತರು. ಬಿಲ್ಲು ಕೊಡಲು ನಿಂತಿದ್ದ ಗಿರಾಕಿಗೆ ಕೈಸನ್ನೆಯಲ್ಲೇ ತಡೆಯಲು ಹೇಳಿದರು.

“ವೇಷ, ಬಣ್ಣ, ಅದೆಲ್ಲ ಯಾವ ಶೈಲಿಯಲ್ಲಿ ಇರಬೇಕು ಅಂತ ಇಲ್ಲಿ ಜಗಳ. ಶನಿವಾರ ಹೊರಗಿನ ಜನರನ್ನು ಕರೆದು ಕೇಳ್ತೇವೆ. ನಿಮ್ಮಂಥವರು ಬೇಕು ಪಪ್ಪ. ಬರ್ತೀರಾ?”

“ಯಾವ ತಿಟ್ಟ್ ಮಗಾ?”

“ತಿಟ್ಟು ಅಂದ್ರೆ?”

“ಶೈಲಿ ಅಂಬುದೇ ತಿಟ್ಟ್.”

“ಹಾಂ, ಅದೇ. ಎರಡು ತಿಟ್ಟು ಇದೆ. ನಾನು ಹಳೇದರ ಕಡೆ. ಯಜಮಾನರು ಇನ್ನೊಂದರ ಕಡೆ. ಹಳೇದು ಸೋತರೆ ನಾನು ವರ್ಷ ಪೂರ್ತಿ ಬರೆದದ್ದು ಎಲ್ಲ ಹೋಗ್ತದೆ.”

ಈ ಮಾತಿನಲ್ಲಿ ಒಂದೇ ಒಂದು ಸುಳ್ಳಿರಲಿಲ್ಲ. ಬಹಳ ವರ್ಷದ ಹಿಂದೆ ಹೊರದೇಶದಲ್ಲಿ ಹುಟ್ಟಿ ಹೆಸರು ಮಾಡಿದ ಒಂದು ಗೇಮನ್ನು ಅವಳ ಕಂಪನಿ ಹೊಸದಾಗಿ ಕಟ್ಟುತ್ತಿತ್ತು. ಆಡುವವನು ಅದರಲ್ಲಿ ಒಬ್ಬ ಯೋಧನ ಪಾತ್ರ ವಹಿಸಿ, ಊರೂರು ಸುತ್ತಿ, ಜೊತೆಗಾರರನ್ನು ಸೇರಿಸಿ, ಕೊನೆಗೆ ಕೆಟ್ಟ ರಾಜನೊಡನೆ ಯುದ್ಧ ಮಾಡಬೇಕು. ಅದರ ಚಿತ್ರಗಳು ಮೊದಲಿನಂತೆ ಚೌಕ ಚೌಕ ಚುಕ್ಕಿಗಳಲ್ಲೇ ಇರಲಿ, ಹೆಬ್ಬೆರಳಿನಷ್ಟು ಯೋಧನನ್ನು ನೋಡಿಯೇ ಜನ ಅದನ್ನು ಪ್ರೀತಿಸಿದ್ದು ಎಂಬುದು ಅಕ್ಷಿತಾಳ ವಾದ. ಕಾಲ ಬದಲಾಗಿದೆ, ಯೋಧನ ಮೈ ಮೇಲಿನ ಬೆವರೂ ಕಾಣುವಂತೆ ಈಗಿನ ರೀತಿಯಲ್ಲಿ ಮಾಡಬೇಕು ಎಂಬುದು ಯಜಮಾನ ಉತ್ಕರ್ಷನ ವಾದ. ಜಗಳ ಬಗೆಹರಿಯದೆ, ಈ ಗೇಮನ್ನು ಕಂಡೇ ಇರದ ಹೊರಗಿನವರಿಗೆ ಎರಡನ್ನೂ ತೋರಿಸಿ ಕೇಳುವುದೆಂದು ತೀರ್ಮಾನವಾಗಿತ್ತು. ತಾನು ಯಾವ ಕಡೆ ಎಂದು ಅಕ್ಷಿತಾ ಮುಂಚೆ ಹೇಳಿದ್ದು ನಿಯಮಕ್ಕೆ ವಿರುದ್ಧ. ಆದರೆ ಅಪ್ಪನ ಬೆಂಬಲ ಅವಳಿಗೆ ಬೇಕಾಗಿತ್ತು. ಕನ್ನಡದಲ್ಲಿ ಹೇಳಿದ್ದರಿಂದ ಆಫೀಸಿನಲ್ಲಿ ಯಾರಿಗೂ ತಿಳಿಯಲೂ ಇಲ್ಲ.

ದುರದೃಷ್ಟಕ್ಕೆ ಅಪ್ಪನಿಗೂ ತಿಳಿಯಲಿಲ್ಲ. ಕುಂದಾಪುರದ ಮನುಷ್ಯನಿಗೆ ಆಟ ಎಂದರೆ ಒಂದೇ ಆಟ. ಅಲ್ಲಿ ಮಕ್ಕಳು ಆಡುವುದಕ್ಕೂ ಆಟವೆಂಬ ಹೆಸರಿದೆ ನಿಜ, ಆದರೆ ಅದನ್ನು ಯಾರೂ ಫೋನು ಮಾಡಿ ತಿಳಿಸುವುದಿಲ್ಲ. ಪಾತ್ರ, ವೇಷ, ಬಣ್ಣ, ಎರಡು ತಿಟ್ಟು ಎಂದ ಮೇಲೆ ಅನುಮಾನವೆಲ್ಲಿ? ಉಡುಪಿಯಿಂದ ಬಡಗಲಿಗೆ ಬಡಗುತಿಟ್ಟು, ತೆಂಕಲಿಗೆ ತೆಂಕುತಿಟ್ಟು. ಹಳೇದೆಂದರೆ ನಮ್ಮ ಬಡಗು. ಮಗಳು ಬಡಗಿನ ಪರ ನಿಂತು ಯಜಮಾನರನ್ನೇ ಎದುರು ಹಾಕಿಕೊಂಡಿದ್ದಾಳೆ. ಆ ಯಜಮಾನ ಕಾಸರಗೋಡಿನ ಕಡೆಯವನೇ ಇರಬೇಕು. ಇಷ್ಟು ಸಂಗತಿಗಳನ್ನು ಹರಿದಾಸರು ಬಿಲ್ಲಿನ ಗಿರಾಕಿ ಹಣ ಕೊಡುವುದರೊಳಗೆ ತೀರ್ಮಾನಿಸಿದರು.

ಸುಗುಣಾ ಪೂರ್ತಿ ಕೇಳಿಸಿಕೊಂಡು ಒಗ್ಗರಣೆಯ ಸೌಟನ್ನು ಕೆಳಗಿಟ್ಟರು. “ಅವ್ಳ್ ಎಂತ ಹೇಳಿದ್ಳೋ, ನಿಮ್ಗ್ ಎಂತ ಕೇಂಡಿತೋ. ಒಂದ್ಸಲ ವಾಪಸ್ ಫೋನ್ ಮಾಡಿ ಕೇಣಿ” ಎಂದರು.

ಹರಿದಾಸರು ಫೋನು ಮಾಡಲಿಲ್ಲ. ಮಗಳು ತನ್ನಂಥವನು ಬೇಕು ಎಂದಿದ್ದಾಳೆ. ಇಷ್ಟು ವರ್ಷದಲ್ಲಿ ಮೊದಲ ಸಲ ಹೇಳಿದ ಮಾತು. ಅದನ್ನು ಎರಡನೇ ಸಲ ಕೇಳಹೋದರೆ ಎಲ್ಲಿ ಚಿಕ್ಕದಾಗಿಬಿಡುತ್ತದೋ ಎಂಬ ಭಯ ಅವರಿಗಿತ್ತು. ಪಾಪ, ಆ ಭಯ ಮಾತ್ರ ಸರಿಯಾಗಿತ್ತು.

ಹರಿದಾಸರು ಮಗಳ ಕಂಪನಿಯಲ್ಲಿ ಕರ್ಣನ ವೇಷ ಹಾಕಿ ಕುಣಿಯಲಿದ್ದಾರೆ ಎಂಬ ಸುದ್ದಿ ಹಬ್ಬಿತು. ಹಬ್ಬಿಸಿದವರು ಊರಿನ ಕನ್ನಡ ಕೂಟದ ಕಾರ್ಯದರ್ಶಿ ಮಧುಕರರಾಯರು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಅವರಿಗೆ ಸನ್ಮಾನ ಮಾಡುವ ಚಟ ಹತ್ತಿತ್ತು, ಸನ್ಮಾನಕ್ಕೆ ತಕ್ಕ ಜನ ಮಾತ್ರ ನಾಸಿಕದಲ್ಲಿ ಮುಗಿದು ಹೋಗಿದ್ದರು. ಹರಿದಾಸರ ಸುದ್ದಿ ಕಿವಿಗೆ ಬಿದ್ದ ಸಂಜೆಯೇ ಶಾಲು, ಹಾರ, ಒಂದು ಬುಟ್ಟಿ ಹಣ್ಣು ಹಿಡಿದು ಹೋಟೆಲಿಗೆ ಬಂದರು. ‘ಗೋದಾವರಿ ತೀರದ ಕರ್ಣ’ ಎಂದು ಬಿರುದು ಕೊಟ್ಟರು. ಸಾಂಬಾರಿಗಾಗಿ ಕಾಯುತ್ತಿದ್ದ ಗಿರಾಕಿಗಳು ಚಪ್ಪಾಳೆ ತಟ್ಟಿದರು. ಆಗ ತಾನೇ ಅಡುಗೆಮನೆ ತಪಾಸಣೆಗೆ ಬಂದಿದ್ದ ಪಾಲಿಕೆಯ ಇನ್ಸ್‌ಪೆಕ್ಟರು ಗದ್ದಲವೇನೆಂದು ವಿಚಾರಿಸಿದರು. ಚಿಮಣಿ ಒರೆಸಿಲ್ಲ ಎಂದು ಬರೆದುಕೊಂಡು, ಹೋಗುವಾಗ ಹರಿದಾಸರ ಕೈ ಕುಲುಕಿ, ತಾವೂ ಶಾಲೆಯಲ್ಲಿ ಶಿವಾಜಿ ಮಹಾರಾಜರ ಕುದುರೆಯಾಗಿದ್ದೆವೆಂದು ಹೇಳಿ ಹೋದರು. ಸಟಾಣಾದಿಂದ ದಾಳಿಂಬೆ ತರುವ ವ್ಯಾಪಾರಿ, ಹರಿದಾಸ ಶೇಟರಿಗೆ ಸರ್ಕಾರದ ಪ್ರಶಸ್ತಿ ಬಂತಂತೆ ಎಂದು ಮಾರುಕಟ್ಟೆಯಲ್ಲೆಲ್ಲ ಹೇಳಿದ.

ಇನ್ನು ಹಿಮ್ಮೇಳ. ಹಾಡುವುದಕ್ಕೆ ಭಾಗವತರು ಬೇಕು. ಮಧುಕರರಾಯರು ತಾವು ಹಾಡುವುದಾಗಿ ಮುಂದೆ ಬಂದರು, ಅವರಿಗೆ ಬರುತ್ತಿದ್ದುದು ದೇವರನಾಮ ಮಾತ್ರ. ಮದ್ದಳೆಗೆ ನಿಂಗಣ್ಣ ಸಿಕ್ಕಿದ. ಇಂಡಿ ತಾಲೂಕಿನ ನಿಂಗಣ್ಣ ಗಾರೆ ಕೆಲಸದ ಮೇಸ್ತ್ರಿ, ದಿನಾ ಬೆಳಿಗ್ಗೆ ತನ್ನ ಆಳುಗಳೊಡನೆ ಇಡ್ಲಿ ತಿನ್ನಲು ಬರುವವನು. ಅವನಿಗೂ ಆಟ ಎಂಬ ಶಬ್ದ ಕಿವಿಗೆ ಬಿದ್ದದ್ದೇ ತನ್ನೂರು ಕಣ್ಣ ಮುಂದೆ ಬಂತು.

“ಆಟಂದ್ರ ನಮ್ಮ ಕಡೆ ದೊಡ್ಡಾಟರಿ ಅಣ್ಣಾರ. ಮದ್ದಳಿ ನಾ ಹೊಡಿತೇನಿ, ನೀವೇನ್ ಕಾಳಜಿ ಮಾಡಬ್ಯಾಡ್ರಿ” ಎಂದ.

ಯಾವ ಆಟವಾದರೂ ಮದ್ದಳೆಯ ತೊಗಲು ಒಂದೇ ಎಂದು ಹರಿದಾಸರು ಒಪ್ಪಿದರು. ಹೀಗೆ ಬಡಗಿನ ಕರ್ಣ, ದೇವರನಾಮದ ಭಾಗವತರು, ದೊಡ್ಡಾಟದ ಮದ್ದಳೆ ಸೇರಿ ಒಂದು ಮೇಳ ಹುಟ್ಟಿತು. ಇಂಥ ಮೇಳ ಈ ಭೂಮಿಯ ಮೇಲೆ ಅದಕ್ಕೆ ಮುಂಚೆ ಹುಟ್ಟಿರಲಿಲ್ಲ, ಆಮೇಲೂ ಹುಟ್ಟಲಿಲ್ಲ.

ಮುಂಬಯಿಯ ಪರಿಚಯದವರೊಬ್ಬರು ವೇಷದ ಪೆಟ್ಟಿಗೆಯನ್ನು ಬಸ್ಸಿನಲ್ಲಿ ಹಾಕಿ ಕಳಿಸಿದರು. ಎದೆಕಟ್ಟು, ಭುಜಕೀರ್ತಿ, ಗೆಜ್ಜೆ ಎಲ್ಲ ಇತ್ತು, ತಲೆಯ ಮುಂಡಾಸು ಕಟ್ಟುವ ಸಾಮಾನು ಇರಲಿಲ್ಲ. ದಾಳಿಂಬೆ ಪೆಟ್ಟಿಗೆಯ ಹುಲ್ಲನ್ನು ಒಳಗಿಟ್ಟು, ಸುಗುಣಾರ ಕೆಂಪು ಸೀರೆ ಸುತ್ತಿ, ಜರಿ ಬಿಗಿದು ಹರಿದಾಸರೇ ಒಂದು ಮುಂಡಾಸು ಕಟ್ಟಿದರು. ಮಧ್ಯಾಹ್ನ ಹೋಟೆಲು ಖಾಲಿಯಾದಾಗ ಉಗ್ರಾಣದ ಬಾಗಿಲು ಹಾಕಿಕೊಂಡು ಅಕ್ಕಿ ಮೂಟೆಗಳ ನಡುವೆ ಅಭ್ಯಾಸ ನಡೆಯಿತು. ಹೊರಗೆ ಮಾಣಿಗಳು ಧಡ ಧಡ ಸದ್ದು ಕೇಳಿ ಹೆಗ್ಗಣ ಬಂದಿದೆಯೆಂದು ಬೋನು ತಂದಿಟ್ಟರು.

ಹರಿದಾಸರ ಬಲಮಂಡಿ ಎರಡು ವರ್ಷದಿಂದ ಕೈಕೊಟ್ಟಿತ್ತು. ಬಡಗುತಿಟ್ಟಿನಲ್ಲಿ ಮಂಡಿ ಹಾಕುವುದು ಎಂದು ಒಂದಿದೆ. ವೇಷಧಾರಿ ಎರಡೂ ಮೊಣಕಾಲಿನ ಮೇಲೆ ಕೂತು ಗರಗರ ತಿರುಗುತ್ತಾನೆ, ಸಭೆ ಉಸಿರು ಬಿಗಿಹಿಡಿಯುತ್ತದೆ. ಎಳೆಯರು ಮಾಡುವ ಕೆಲಸ ಅದು. ಹೊರಡುವ ಬೆಳಿಗ್ಗೆ ಸುಗುಣಾ ಗಂಡನ ಕಾಲ ಬುಡದಲ್ಲಿ ಕೂತು ಮಂಡಿಗೆ ನೋವಿನೆಣ್ಣೆ ಹಚ್ಚಿ, ಬಟ್ಟೆ ಸುತ್ತಿ, ಕಾಲಿಗೆ ಗೆಜ್ಜೆ ಕಟ್ಟಿದರು.

“ಹೋಯ್ ಬನ್ನಿ. ಮಂಡಿ ಮಾತ್ರ ಹಾಕ್ಬೇಡಿ” ಎಂದರು. ಹೋಟೆಲು ನೋಡಿಕೊಳ್ಳಲು ಅವರು ಉಳಿದರು. ಟೆಂಪೋ ತಿರುವಿನಲ್ಲಿ ಮರೆಯಾಗುವ ತನಕ ಬಾಗಿಲಲ್ಲೇ ನಿಂತಿದ್ದರು, ಯಾಕೋ ಅವರ ಕಣ್ಣು ತುಂಬಿತ್ತು.

ಟೆಂಪೋ ಮಹಿಬೂಬನದು. ಈರುಳ್ಳಿ ಸಾಗಿಸುವ ಗಾಡಿ. ಮುಂಡಾಸು ಮುಂದಿನ ಬಾಗಿಲಲ್ಲಿ ಹಿಡಿಸದ ಕಾರಣ ಕರ್ಣ ಹಿಂದೆ, ತೆರೆದ ಗಾಡಿಯಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಪ್ರಯಾಣ ಮಾಡಿದ. ಅಲ್ಲಿ ಹೋಗಿ ಬಣ್ಣ ಬಳಿದುಕೊಳ್ಳಲು ಜಾಗ ಇದೆಯೋ ಇಲ್ಲವೋ ಎಂದು ಹರಿದಾಸರು ನಾಸಿಕದಲ್ಲೇ ಪೂರ್ತಿ ವೇಷ ಮುಗಿಸಿದ್ದರು. ನಿಫಾಡದಲ್ಲಿ ಶಾಲೆಯ ಮಕ್ಕಳು ಗಾಡಿಯ ಹಿಂದೆ ಓಡಿ ಬಂದರು. ಯೇವಲೆಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಒಬ್ಬ ಮುದುಕಿ ಯಾವುದೋ ದೇವರ ಮೆರವಣಿಗೆಯೆಂದು ತಿಳಿದು ಕಾಲಿಗೆ ಬಿದ್ದು ಎದ್ದಳು. ಹರಿದಾಸರು ಕೈ ಎತ್ತಿ ಹರಸಿದರು. ವೈಜಾಪುರದ ಹತ್ತಿರ ಪೊಲೀಸರೊಬ್ಬರು ಗಾಡಿ ತಡೆದು, ಸಾಮಾನು ಗಾಡಿಯಲ್ಲಿ ಮನುಷ್ಯರನ್ನು ಒಯ್ಯುವಂತಿಲ್ಲ ಎಂದರು. ಇವರು ಮನುಷ್ಯರಲ್ಲ ಸಾಹೇಬ್, ಸೂರ್ಯನ ಮಗ ಎಂದು ಮಧುಕರರಾಯರು ಮರಾಠಿಯಲ್ಲಿ ವಾದಿಸಿದರು. ದಂಡ ಕಟ್ಟಿಯೇ ಮುಂದೆ ಹೋಗಬೇಕಾಯಿತು. ದಾರಿಯುದ್ದಕ್ಕೂ ಹರಿದಾಸರು ನೆನೆಯುತ್ತಿದ್ದುದು ಒಂದನ್ನೇ: ಬಾಗಿಲು ತೆರೆದು ತನ್ನನ್ನು ಕಂಡಾಗ ಮಗಳ ಮುಖ ಹೇಗಾಗಬಹುದು ಎಂಬುದನ್ನು.

ಬಾಗಿಲು ತೆರೆದವಳು ಅಕ್ಷಿತಾ ಅಲ್ಲ. ಚಿತ್ರ ಬರೆದವರು ಎದುರಿಗಿದ್ದರೆ ಬಂದವರು ದಾಕ್ಷಿಣ್ಯಕ್ಕೆ ಬೀಳುತ್ತಾರೆಂದು ಅವರನ್ನೆಲ್ಲ ಒಳಗಿನ ಕೋಣೆಯಲ್ಲಿ ಕೂರಿಸಿದ್ದರು. ಯಜಮಾನ ಉತ್ಕರ್ಷನೇ ಬಾಗಿಲಿಗೆ ಬಂದ. ಮೂವತ್ತು ದಾಟದ, ಒಳ್ಳೆಯ ಮನಸ್ಸಿನ ಮರಾಠಿ ಹುಡುಗ. ಎದುರಿಗೆ ಭುಜಕೀರ್ತಿ ಮಿಂಚಿಸುತ್ತ ನಿಂತ ಆಕಾರವನ್ನು ಕಂಡು ಅವನು ತುಸು ಹಿಂದೆ ಸರಿದ. ಅಕ್ಷಿತಾಳ ತಂದೆ ಎಂದು ಮಧುಕರರಾಯರು ಪರಿಚಯಿಸಿದ ಮೇಲೆ ಕಾಲಿಗೆ ನಮಸ್ಕರಿಸಿದ. ಗೇಮಿನ ಯೋಧನಿಗೆ ಒಪ್ಪಲೆಂದು ಅಕ್ಷಿತಾಳೇ ಏನೋ ಏರ್ಪಾಡು ಮಾಡಿರಬೇಕು ಎಂದುಕೊಂಡು ಒಳಗೆ ಕರೆದ. ಹುಡುಗ ಕಾಸರಗೋಡಿನವನಲ್ಲ ಎಂದು ತಿಳಿದು ಹರಿದಾಸರಿಗೆ ಸ್ವಲ್ಪ ನಿರಾಸೆಯಾಯಿತು.

ಒಳಗೆ ಕೆಲವರು ಆಗಲೇ ಕೂತಿದ್ದರು. ಒಬ್ಬ ರಿಕ್ಷಾದವನು, ಒಬ್ಬ ನಿವೃತ್ತ ಶಾಲಾ ಮಾಸ್ತರು, ಕೆಳಗಿನ ಕಿರಾಣಿ ಅಂಗಡಿಯ ಯಜಮಾನಿ, ಹೀಗೆ. ಎದುರಿನ ಗೋಡೆಯ ಮೇಲೆ ಎರಡು ದೊಡ್ಡ ಪರದೆಗಳು. ಎಡಗಡೆಯದರಲ್ಲಿ ಹಸಿರು ಬಯಲಿನ ನಡುವೆ ಚೌಕ ಚೌಕ ಚುಕ್ಕಿಗಳ ಒಂದು ಪುಟ್ಟ ಗೊಂಬೆ ನಿಂತಲ್ಲೇ ಹೆಜ್ಜೆ ಹಾಕುತ್ತಿತ್ತು. ಕಸೂತಿಯ ನಕ್ಷೆಯಿಂದ ಎದ್ದು ಬಂದ ಹಾಗೆ ಇತ್ತು. ಬಲಗಡೆಯದರಲ್ಲಿ ಆಳೆತ್ತರದ ಯೋಧ. ಹೊಳೆಯುವ ಎದೆಕವಚ, ಅಗಲವಾದ ಭುಜ, ತಲೆಯ ಮೇಲೆ ಕೆಂಪು ಗರಿಯಿಟ್ಟ ಶಿರಸ್ತ್ರಾಣ. ದೂರದಿಂದ ನೋಡಿದರೆ ಮುಂಡಾಸೇ. ಹೆಸರು ಹಾಕಿದರೆ ಜನರ ಮನಸ್ಸು ವಾಲುತ್ತದೆಂದು ಪರದೆಗಳ ಕೆಳಗೆ ಬರೀ ಅಕ್ಷರ ಬರೆದಿದ್ದರು. ಮರಾಠಿಯ ಕ್ರಮದಂತೆ ಎಡಗಡೆಯದಕ್ಕೆ ‘ಅ’, ಬಲಗಡೆಯದಕ್ಕೆ ‘ಬ’.

ಹರಿದಾಸರು ‘ಬ’ ಓದಿದರು. ಬ ಎಂದರೆ ಬಡಗು. ಮಗಳು ಜಾಣೆ, ಅಪ್ಪನಿಗೆ ಗುರುತು ಸಿಗಲೆಂದೇ ಬರೆಸಿದ್ದಾಳೆ. ಹಾಗಾದರೆ ತೆಂಕಿಗೆ ‘ತ’ ಎಂದು ಯಾಕೆ ಬರೆದಿಲ್ಲ? ಅವರಿಗೇ ನಾಚಿಕೆಯಾಗಿರಬೇಕು. ಆಟವನ್ನು ಇವರು ಪರದೆಯ ಮೇಲೆ ಯಾಕೆ ತೋರಿಸುತ್ತಿದ್ದಾರೆ ಎಂಬ ಪ್ರಶ್ನೆಯೂ ಬಂತು. ಈಗ ಎಲ್ಲವೂ ಪರದೆಯ ಮೇಲೇ ನಡೆಯುವುದಲ್ಲವೇ ಎಂದು ಅವರೇ ಉತ್ತರಿಸಿಕೊಂಡರು.

ಯಾವುದು ಇಷ್ಟ, ಯಾಕೆ ಎಂದು ಉತ್ಕರ್ಷ ಕೇಳಿದಾಗ ಮಿಕ್ಕವರೆಲ್ಲ ಮೊದಲು ಮುಂಡಾಸಿನ ಕಡೆಗೇ ನೋಡಿದರು. ಅಷ್ಟು ಎತ್ತರದ ಮುಂಡಾಸು ಧರಿಸಿದವರು ಇರುವಾಗ ಬೇರೆಯವರು ಬಾಯಿ ತೆರೆಯುವುದು ಹೇಗೆ? ಹರಿದಾಸರು ಎದ್ದರು. ಮರಾಠಿಯಲ್ಲಿ, ಕರ್ಣನ ಗತ್ತಿನಲ್ಲಿ, ‘ಬ’ದ ಪರವಾಗಿ ಮಾತಾಡಿದರು. ವೀರ ಎಂದರೆ ಹೀಗಿರಬೇಕು, ನೋಡಿದರೆ ಕೈ ಮುಗಿಯಬೇಕು ಎನಿಸಬೇಕು ಎಂದರು. ‘ಅ’ದ ಗೊಂಬೆಯನ್ನು ತೋರಿಸಿ, ಇದಕ್ಕೆ ಮುಖವೇ ಇಲ್ಲ, ಇದನ್ನು ಬರೆದವರಿಗೆ ಕೈ ಸರಿ ಕೂತಿಲ್ಲ, ಇದನ್ನು ರಂಗಕ್ಕೆ ಬಿಟ್ಟರೆ ಹಿರಿಯರಿಗೆ ಅಪಮಾನ ಎಂದರು. ಮಗಳಿಗಾಗಿ ಅವರು ಜೀವವನ್ನೇ ಮಾತಿಗೆ ಹಾಕಿದ್ದರು, ಆಮೇಲೆ ಅಷ್ಟು ಚೆನ್ನಾಗಿ ಮಾತಾಡಲು ಅವರಿಗೆ ಎಂದೂ ಆಗಲಿಲ್ಲ. ಮಾಸ್ತರು ತಲೆದೂಗಿದರು. ಕೈ ಎತ್ತಿ ಎಂದಾಗ ಎಲ್ಲ ಕೈಗಳೂ ‘ಬ’ಕ್ಕೇ ಎದ್ದವು. ಆಹ್ವಾನವಿಲ್ಲದೆ ಬಂದ ನಿಂಗಣ್ಣ ಎರಡೂ ಕೈ ಎತ್ತಿದ.

ಒಳಕೋಣೆಯ ಬಾಗಿಲು ತೆರೆಯಿತು. ಅಕ್ಷಿತಾ ಕ್ಯಾಮೆರಾದ ಮೂಲಕ ಎಲ್ಲವನ್ನೂ ನೋಡಿದ್ದಳು. ಹರಿದಾಸರು ನಾಸಿಕದಿಂದ ಕಾದು ತಂದಿದ್ದ ಗಳಿಗೆ ಇದು. ಅವರು ಎದೆ ಸೆಟೆಸಿ, ಒಂದು ಕೈ ಸೊಂಟದ ಮೇಲಿಟ್ಟು ನಿಂತರು. ಅವಳು ಬಂದು ಅಪ್ಪನ ತೋಳು ಹಿಡಿದು ಮೂಲೆಗೆ ಕರೆದುಕೊಂಡು ಹೋದಳು.

“ಪಪ್ಪ, ‘ಬ’ ಯಾಕೆ ಹೇಳಿದ್ರಿ?”

“ಬಡಗು ಅಲ್ದಾ ಮಗಾ? ನೀನ್ ಹಳೇದ್ರ ಬದಿ ಅಂದ್ಯಲ.”

“ಹಳೇದು ‘ಅ’. ಅದು ನಾನು ಬರೆದದ್ದು.”

ಹರಿದಾಸರು ಪರದೆಯತ್ತ ತಿರುಗಿದರು. ಮುಖವಿಲ್ಲದ ಪುಟ್ಟ ಗೊಂಬೆ ಇನ್ನೂ ಹೆಜ್ಜೆ ಹಾಕುತ್ತಲೇ ಇತ್ತು.

“ಮತ್ತೆ ಆಟ?”

“ಆಟ ಅಂದ್ರೆ ಗೇಮ್, ಪಪ್ಪ. ನೀವು ಇಂಗ್ಲಿಷ್ ಬೇಡ ಅಂತೀರಲ್ಲ, ಅದಕ್ಕೆ ಹಾಗೆ ಹೇಳಿದೆ.”

“ನಿಮ್ಮಂಥವ್ರ್ ಬೇಕ್ ಅಂದ್ಯಲ” ಎಂದರು ಹರಿದಾಸರು. ಇದೊಂದಾದರೂ ಉಳಿಯಲಿ ಎಂಬ ಹಾಗೆ ಕೇಳಿದರು.

ಅಕ್ಷಿತಾ ಸ್ವಲ್ಪ ಹೊತ್ತು ಶಬ್ದ ಹುಡುಕಿದಳು. ಸಿಟ್ಟಿನಿಂದ ಹೇಳಿದ್ದರೆ ವಾಸಿಯಿತ್ತು. ಮೆತ್ತಗೆ ಹೇಳಿದಳು: “ಇದರ ಬಗ್ಗೆ ಏನೂ ಗೊತ್ತಿಲ್ಲದವರು ಬೇಕಿತ್ತು.”

ಅಷ್ಟರಲ್ಲಿ ಉತ್ಕರ್ಷ ಓಡಿ ಬಂದ. ಗೆದ್ದ ಸಂತೋಷದಲ್ಲಿ ಅವನಿಗೆ ಅಪ್ಪ ಮಗಳ ಮುಖ ಕಾಣಲಿಲ್ಲ. ಕಾಕಾ ಇಷ್ಟು ದೂರದಿಂದ ವೇಷ ಹಾಕಿ ಬಂದಿದ್ದಾರೆ, ಅವರ ಕುಣಿತವನ್ನು ಕ್ಯಾಮೆರಾದಲ್ಲಿ ಹಿಡಿದುಕೊಂಡರೆ ನಮ್ಮ ಯೋಧನಿಗೆ ನಡಿಗೆ ಕಲಿಸಲು ಉಪಯೋಗವಾಗುತ್ತದೆ, ಅಕ್ಷಿತಾ ನೀನೇ ಚಿತ್ರೀಕರಿಸು ಎಂದ. ಅವಳು ಸರಿ ಎಂದಳು. ಯಾವ ಯೋಧನಿಗಾಗಿ ತನ್ನ ಗೊಂಬೆ ಸೋತಿತೋ ಅದೇ ಯೋಧನಿಗೆ ನಡಿಗೆ ಹುಡುಕಲು ಕ್ಯಾಮೆರಾ ಸರಿಪಡಿಸತೊಡಗಿದಳು. ವೇಷ ಕಳಚಿ ಮನೆಗೆ ಹೋಗಬೇಕು ಎಂದು ಹರಿದಾಸರಿಗೆ ಅನಿಸುತ್ತಿತ್ತು. ಆದರೆ ಮಗಳು ಅಲ್ಲಿದ್ದಳು. ಈಗಲ್ಲದಿದ್ದರೆ ಇನ್ನು ಯಾವ ಜನ್ಮದಲ್ಲಿ ಅವಳು ನೋಡುವುದು?

ಹಸಿರು ಬಟ್ಟೆ ಹಾಸಿದರು. ಮಧುಕರರಾಯರು ಶುರು ಮಾಡಿದ್ದು ಶ್ರೀಹರಿಯ ಮೇಲಿನ ಒಂದು ದೇವರನಾಮ. ನಿಂಗಣ್ಣ ಹೊಡೆದದ್ದು ಅವನೂರ ಭೀಮ ಬರುವಾಗಿನ ಪೆಟ್ಟು. ಅವೆರಡಕ್ಕೂ ತಾಳ ಸೇರುವ ಮಾತಿರಲಿಲ್ಲ. ಹರಿದಾಸರು ಇಬ್ಬರನ್ನೂ ಬಿಟ್ಟು ತಮ್ಮೊಳಗೆ ಕೇಳುತ್ತಿದ್ದ ಚೆಂಡೆಗೆ ಹೆಜ್ಜೆ ಇಟ್ಟರು.

ಅವರು ಚೆನ್ನಾಗಿ ಕುಣಿದರು. ಇದನ್ನು ತಮಾಷೆಗೆ ಹೇಳುತ್ತಿಲ್ಲ. ಆ ಒಂದು ತಿರುಗಾಟದಲ್ಲಿ ದಿನಾ ಬೆಳಗಾಗುವ ತನಕ ಕಂಡದ್ದೆಲ್ಲ ಮೈಯಲ್ಲಿ ಉಳಿದಿತ್ತು. ಹುಬ್ಬು ಎತ್ತುವುದು, ಕತ್ತು ತಿರುಗಿಸುವುದು, ದಾಪುಗಾಲು ಇಟ್ಟು ತಟಕ್ಕನೆ ನಿಲ್ಲುವುದು ಎಲ್ಲ ತಾನಾಗಿ ಬಂತು. ರಿಕ್ಷಾದವನು ಬಾಯಿ ತೆರೆದು ನೋಡಿದ. ಹುಡುಗ ಹುಡುಗಿಯರು ಮೇಜು ಬಿಟ್ಟು ಎದ್ದು ಬಂದರು. ಅಕ್ಷಿತಾ ಮಾತ್ರ ನೋಡಲಿಲ್ಲ. ಅವಳ ಕಣ್ಣು ಕ್ಯಾಮೆರಾದ ಸಣ್ಣ ಪರದೆಯ ಮೇಲಿತ್ತು. ಹರಿದಾಸರು ಎಡಕ್ಕೆ ಹೋದರೆ ಕ್ಯಾಮೆರಾವನ್ನು ಎಡಕ್ಕೆ ತಿರುಗಿಸಿದಳು. ಏನೋ ಒತ್ತಿದಳು, ಬೆಳಕು ಕಡಿಮೆ ಮಾಡಿದಳು. ಪಪ್ಪ ಸ್ವಲ್ಪ ಬಲಕ್ಕೆ ಎಂದು ತಲೆ ಎತ್ತದೆ ಹೇಳಿದಳು.

ಹರಿದಾಸರು ಬಲಕ್ಕೆ ಬಂದರು. ಅವಳು ತಲೆ ಎತ್ತಲಿ ಎಂದು ಜೋರಾಗಿ ಗೆಜ್ಜೆ ಕುಟ್ಟಿದರು. ಅವಳು ಎತ್ತಲಿಲ್ಲ. ಒಂದು ಸುತ್ತು ಹಾರಿ ತಿರುಗಿದರು. ಎತ್ತಲಿಲ್ಲ. ಕೊನೆಗೆ ಹರಿದಾಸರು ಮಂಡಿ ಹಾಕಿದರು.

ಒಂದು ಸುತ್ತು ಬಂತು. ಎರಡನೆಯದು ಅರ್ಧಕ್ಕೆ ನಿಂತಿತು. ಬಲಮಂಡಿಯೊಳಗೆ ಏನೋ ಲಟಕ್ಕೆಂದದ್ದು ಅವರಿಗೆ ಮಾತ್ರ ಕೇಳಿಸಿತು. ಒಂದು ಕೈ ನೆಲಕ್ಕೂರಿ, ಇನ್ನೊಂದು ಕೈ ಎತ್ತಿದ್ದು ಎತ್ತಿದ ಹಾಗೇ, ತಲೆ ಬಾಗಿ ಕೂತರು. ಏಳಲು ಆಗಲಿಲ್ಲ. ನೆರೆದವರು ಚಪ್ಪಾಳೆ ಹೊಡೆದರು. “ಏಕದಮ್ ಭಾರೀ, ಕಾಕಾ. ಹಾಗೇ ಇರಿ, ಅಲ್ಲಾಡಬೇಡಿ” ಎಂದ ಉತ್ಕರ್ಷ. ನಿಂಗಣ್ಣ ಪೆಟ್ಟನ್ನು ಜೋರು ಮಾಡಿದ. ಮಧುಕರರಾಯರು ಪಲ್ಲವಿಗೆ ಮರಳಿದರು. ಹರಿದಾಸರು ಹೇಳಿದ ಹಾಗೆ ಅಲ್ಲಾಡದೆ ಕೂತಿದ್ದರು.

ಅಕ್ಷಿತಾ ಪರದೆಯ ಮೇಲೆ ಅಪ್ಪನ ಮುಖವನ್ನು ಹತ್ತಿರಕ್ಕೆ ತಂದಳು. ಬಣ್ಣದ ಕೆಳಗೆ ತುಟಿ ಅದುರುತ್ತಿತ್ತು. ಆಗ ಅವಳು ತಲೆ ಎತ್ತಿದಳು. ಕ್ಯಾಮೆರಾ ಬಿಟ್ಟು ಹಸಿರು ಬಟ್ಟೆಯ ಮೇಲೆ ಚಪ್ಪಲಿ ಕಾಲಿನಲ್ಲೇ ಓಡಿ ಬಂದು ಮುಂದೆ ಕೂತಳು. ನಿಂಗಣ್ಣನ ಕೈ ನಿಂತಿತು. ಮಗಳು ತನ್ನನ್ನೇ ನೋಡುತ್ತಿದ್ದಾಳೆ, ಕಣ್ಣು ಕೀಳದೆ ನೋಡುತ್ತಿದ್ದಾಳೆ ಎಂದು ಹರಿದಾಸರಿಗೆ ಕಂಡಿತು. ಆದರೆ ಅವಳು ನೋಡುತ್ತಿದ್ದುದು ಕರ್ಣನನ್ನಲ್ಲ. ಬಿದ್ದ ಮುದುಕನನ್ನು ರಸ್ತೆಯಲ್ಲಿ ಎಲ್ಲರೂ ನೋಡುವುದು ಹಾಗೆ.

“ನೋಡಿದ್ಯಾ ಮಗಾ?” ಎಂದು ಕೇಳಿದರು.

“ನೋಡಿದೆ ಪಪ್ಪ. ಮೊದಲಿನಿಂದ ನೋಡಿದೆ. ತುಂಬ ಚೆನ್ನಾಗಿತ್ತು.”

ಅವಳು ನೋಡಿರಲಿಲ್ಲ. ಕುಣಿದಷ್ಟು ಹೊತ್ತೂ ಹರಿದಾಸರು ನೋಡುತ್ತಿದ್ದುದು ಅವಳನ್ನೇ, ಹಾಗಾಗಿ ಅದು ಅವರಿಗೆ ಗೊತ್ತಿತ್ತು. ವರ್ಷದ ಕೆಲಸವನ್ನು ಹಾಳು ಮಾಡಿದ ಅಪ್ಪನಿಗೆ ಅವಳು ಕನ್ನಡದಲ್ಲಿ, ಒಂದೂ ಶಬ್ದ ತಡವರಿಸದೆ, ಇದನ್ನು ಹೇಳಿದ್ದಳು. ಅವರಿಗೆ ಅಳು ತಡೆಯಲಾಗಲಿಲ್ಲ.

“ಹಾಂಗಾರೆ ಸಾಕ್” ಎಂದರು, ತಮ್ಮನ್ನು ಏಳಿಸಲೆಂದು ಅವಳ ಕಡೆಗೆ ಕೈ ಚಾಚಿದರು.